ಮಕಬೂಲಸಾಬರ ಚಾಂದಿ

ನವೆಂಬರ್ ೯, ೧೯೩೬, ಸೋಮವಾರ

ಇವತ್ತು ಊಟ ಸೇರಲಿಲ್ಲ. ಹೊಟ್ಟೆ ತುಂಬ ಸಿಟ್ಟಿದ್ದರೆ ಅನ್ನಕ್ಕೆ ಜಾಗವೆಲ್ಲಿ? ಮುಂಬಯಿಯಲ್ಲಿ ಪಶುವೈದ್ಯ ಓದಿ ಹುಬ್ಬಳ್ಳಿಯ ಈ ದನದ ದವಾಖಾನೆಗೆ ಬಂದು ಎರಡನೆಯ ವರ್ಷ ನಡೆದಿದೆ. ನಾನು ಹೇಳಿದ್ದನ್ನು ಹೇಳಿದ ಕೂಡಲೆ ಒಪ್ಪಿದ ಒಬ್ಬ ಮನುಷ್ಯನನ್ನೂ ಇನ್ನೂ ಕಂಡಿಲ್ಲ. ಎಮ್ಮೆ ಉಬ್ಬರಿಸಿ ನೆಲಕ್ಕೆ ಬಿದ್ದ ಮೇಲೆ ತರುತ್ತಾರೆ, ಎತ್ತಿನ ಕಾಲು ಕೊಳೆತ ಮೇಲೆ ತರುತ್ತಾರೆ. ತಂದು, 'ಉಳಸ್ರಿ' ಎನ್ನುತ್ತಾರೆ. ಉಳಿಯುವುದಿಲ್ಲ ಎಂದರೆ ನಾನೇ ಕೊಂದವನಂತೆ ಮುಖ ನೋಡುತ್ತಾರೆ.

ಇವತ್ತಿನವನು ಹಳೇ ಹುಬ್ಬಳ್ಳಿಯ ಮಕಬೂಲಸಾಬ ಎಂಬ ಮುದುಕ. ಮೊದಲು ಸ್ಟೇಶನ್ನಿನಿಂದ ಟಾಂಗಾ ಹೊಡೆಯುತ್ತಿದ್ದನಂತೆ, ಈಗ ಬಿಟ್ಟಿದ್ದಾನೆ. ಟಾಂಗಾ ಮಾರಿದರೂ ಕುದುರೆಯನ್ನು ಮಾರದೆ ಮನೆಯಲ್ಲೇ ಕಟ್ಟಿಕೊಂಡಿದ್ದಾನೆ. ಬಿಳಿಯ ಹೆಣ್ಣು ಕುದುರೆ, ಅದಕ್ಕೂ ಮುಪ್ಪು. ಲದ್ದಿ ಹಾಕಲು ತಿಣುಕುತ್ತದೆ, ಏನಾದರೂ ಮಲಾಮು ಕೊಡಿ ಎಂದ. ಬಾಲ ಎತ್ತಿ ನೋಡಿದೆ. ಬುಡದಲ್ಲಿ ಕರಿ ದ್ರಾಕ್ಷಿಯ ಗೊಂಚಲಿನಂತೆ ಗಂಟುಗಳು. ಬಿಳಿ ಕುದುರೆಗಳಿಗೆ ವಯಸ್ಸಾದ ಮೇಲೆ ಬರುವ ರೋಗ ಇದು. ಹೊರಗೆ ಇಷ್ಟಿದ್ದರೆ ಒಳಗೆ ಇನ್ನೂ ಹೆಚ್ಚು. ಕೊಯ್ದು ತೆಗೆಯುವ ಹಂತ ಎಂದೋ ದಾಟಿದೆ. ಒಂದು ದಿನ ಲದ್ದಿಯ ದಾರಿಯೇ ಮುಚ್ಚಿ ಪ್ರಾಣಿ ಒದ್ದಾಡಿ ಸಾಯುತ್ತದೆ.

ಅದನ್ನೇ ಹೇಳಿದೆ. "ನೋಡಪಾ ಇಲ್ಲೆ, ನಿನ್ನ ಕಣ್ಣಿಲೇ ನೋಡು. ಇದಕ್ಕ ಮಲಾಮು ಇಲ್ಲ, ಔಷಧ ಇಲ್ಲ. ಗುಂಡು ಹಾಕಿಸಿಬಿಡು, ಬಿಡುಗಡಿ ಆಗ್ತದ."

ಮುದುಕ ನಾನು ತೋರಿಸಿದ ಕಡೆ ನೋಡಲೂ ಇಲ್ಲ. ನನ್ನ ಭುಜದ ಆಚೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಸರಕಾರದ ಡಾಕ್ಟರೇ ಕುದುರೆಯ ಬಾಲ ಎತ್ತಿ ಹಿಡಿದು ನಿಂತಿದ್ದರೆ ಇವನಿಗೆ ತಿರುಗಿ ನೋಡುವಷ್ಟು ಸೌಜನ್ಯವಿಲ್ಲ. ಕುದುರೆಯ ಕುತ್ತಿಗೆಯ ಕೂದಲು ಹಿಡಿದುಕೊಂಡು ಹೊರಟುಹೋದ.

ಹೋಗಲಿ. ನಿಜ ಹೇಳುವುದು ನನ್ನ ಕೆಲಸ, ಹೇಳಿದ್ದೇನೆ.

ನವೆಂಬರ್ ೧೪, ಶನಿವಾರ

ಕಂಪೌಂಡರ್ ಶಾಂತಯ್ಯ ಒಳ್ಳೆಯ ಸುದ್ದಿ ತಂದ. ಹಳೇ ಹುಬ್ಬಳ್ಳಿಯ ಟಾಂಗಾದವರು ನನ್ನನ್ನು 'ಗುಂಡಿನ ಡಾಕ್ಟರ' ಎಂದು ಕರೆಯುತ್ತಿದ್ದಾರಂತೆ. ಈ ವಾರ ಒಂದು ಕುದುರೆಯೂ ದವಾಖಾನೆಯ ಮೆಟ್ಟಿಲಿಗೆ ಬಂದಿಲ್ಲ. ಬರದಿದ್ದರೆ ಬಿಡಲಿ. ಲಾಳ ಹೊಡೆಯುವ ನಾಲಬಂದನ ಕಡೆ ಹೋಗಲಿ, ತಾಯಿತ ಕಟ್ಟಿಸಲಿ.

ಮನೆಯಲ್ಲಿ ಹೆಂಡತಿ ಮೃಣಾಲಿನಿಗೆ ಹೇಳಿದರೆ ಅವಳು ಸಮಾಧಾನ ಹೇಳುವುದು ಬಿಟ್ಟು, ಆ ಮುದುಕನಿಗೆ ನೀವು ಏನೆಂದು ಹೇಳಿದಿರಿ, ಹೇಳಿದ ಹಾಗೆಯೇ ಹೇಳಿ ಎಂದಳು. ಹೇಳಿದೆ. ಅವಳು ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಅಷ್ಟ ಹೇಳಿದ್ರೇನು? ಮುಂಜಾನೆ ಬಂದಾಂವಗ, ನಿಂತಲ್ಲೇ?"

ನಿಂತಲ್ಲೇ ಹೇಳದೆ ಪಲ್ಲಂಗ ಹಾಕಿ ಹೇಳಬೇಕಿತ್ತೇ? ಧಾರವಾಡದ ಮಾಸ್ತರರ ಮಗಳು, ಎಲ್ಲದಕ್ಕೂ ವ್ಯಾಕರಣ ಹುಡುಕುತ್ತಾಳೆ. ಮಾತು ನಿಲ್ಲಿಸಿ ಎದ್ದುಬಂದೆ.

ನವೆಂಬರ್ ೨೧, ಶನಿವಾರ

ಸಿಟ್ಟಿಗೆ ಒತ್ತಿ ಬರೆದು ಪೆನ್ನಿನ ಮೊನೆ ಮುರಿದೆ, ಈಗ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.

ಸಂಜೆ ಒಂದು ಆಕಳಿನ ಹೆರಿಗೆ ಮುಗಿಸಿ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಸೈಕಲ್ ಮೇಲೆ ಬರುತ್ತಿದ್ದೆ. ರಂಜಾನ್ ಶುರುವಾಗಿದೆ, ಉಪವಾಸ ಬಿಡುವ ಹೊತ್ತು, ಓಣಿಯಲ್ಲಿ ಜನ. ಒಂದು ಮನೆಯ ಮುಂದೆ ಅದೇ ಬಿಳಿ ಕುದುರೆ. ಹಿಂದಿನ ಎರಡೂ ತೊಡೆಗಳ ಮೇಲೆ, ಬಾಲದ ಬುಡದ ಸುತ್ತ, ಕಾದ ಕಬ್ಬಿಣದ ಬರೆ. ನಾಲಬಂದನ ಕೆಲಸ. ಚರ್ಮ ಸುಟ್ಟು ಬಿರಿದು ನೀರು ಸೋರುತ್ತಿದೆ, ನೊಣ ಮುತ್ತಿವೆ. ಕುದುರೆ ತಲೆ ಕೆಳಗೆ ಹಾಕಿ ನಿಂತಿದೆ. ಸಾಯುವ ಪ್ರಾಣಿಯನ್ನು ಸುಟ್ಟಿದ್ದಾರೆ.

ಸೈಕಲ್ ಗೋಡೆಗೆ ಒಗೆದು ಕೂಗಾಡಿದೆ. ನಿಮಗೆ ಮನುಷ್ಯತ್ವ ಇದೆಯೇ, ನಿಮ್ಮ ಮೈಮೇಲೆ ಹೀಗೆ ಬರೆ ಹಾಕಿದರೆ ಸುಮ್ಮನಿರುತ್ತೀರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಓಣಿಯೇ ನೆರೆಯಿತು. ಮುದುಕ ಬಾಗಿಲಲ್ಲಿ ಕೂತವನು ಏಳಲಿಲ್ಲ. ಒಳಗಿನಿಂದ ಅವನ ಹೆಂಡತಿ ಶರೀಫಾಬಿ ಬಂದಳು. ಸಣ್ಣ ಮೈಕಟ್ಟಿನ ಹೆಂಗಸು. ನಾನು ಕೂಗಿ ಮುಗಿಸುವವರೆಗೆ ಕಾದು, ದನಿ ಏರಿಸದೆ ಹೇಳಿದಳು:

"ಸಾಹೇಬ್ರ, ನೀವು ಸಾಯಸ್ತೇನಿ ಅಂದ್ರಿ. ಅಂವಾ ಉಳಸ್ತೇನಿ ಅಂದ. ನಾವು ಯಾರ ಕಡೆ ಹೋಗಬೇಕಾಗಿತ್ತು?"

ಸೈಕಲ್ ಎತ್ತಿಕೊಂಡು ಬಂದುಬಿಟ್ಟೆ. ಅವಳ ಪ್ರಶ್ನೆಯೇ ತಪ್ಪು. ನಾನು ಸಾಯಿಸುತ್ತೇನೆ ಎಂದು ಹೇಳಿರಲಿಲ್ಲ, ಸಾಯುತ್ತದೆ ಎಂದು ಹೇಳಿದ್ದೆ. ಎರಡಕ್ಕೂ ವ್ಯತ್ಯಾಸವಿದೆ. ಅದು ಅವರಿಗೆ ತಿಳಿಯದಿದ್ದರೆ ನಾನೇನು ಮಾಡಲಿ?

ನವೆಂಬರ್ ೨೩, ಸೋಮವಾರ

ಬರೆಯ ಗಾಯದಲ್ಲಿ ಹುಳ ಬೀಳುತ್ತವೆ, ಅದೊಂದೇ ಕಾರಣಕ್ಕೆ ಕಾರ್ಬಾಲಿಕ್ ಎಣ್ಣೆ, ಹತ್ತಿ ತೆಗೆದುಕೊಂಡು ಹೋದೆ. ಬೇರೆ ಏನೂ ಇಲ್ಲ, ಕರ್ತವ್ಯ. ಶರೀಫಾಬಿ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿ ಏನಿದೆ ಎಂದು ನೋಡಿದಳು. ಎಣ್ಣೆ ಎಂದು ಖಾತ್ರಿಯಾದ ಮೇಲೆ ಸರಿದಳು.

ಗಾಯ ತೊಳೆಯುವಾಗ ಮುದುಕ ಕುದುರೆಯ ತಲೆ ಹಿಡಿದು ನಿಂತ. ಅದನ್ನು ಚಾಂದಿ ಎಂದು ಕರೆಯುತ್ತಾನೆ. ಬಕೆಟ್ಟು ಈ ಕಡೆ ಸರಿಸು ಎಂದೆ. ಬಗ್ಗಿ ನೆಲ ತಡವಿದ. ಬಕೆಟ್ಟು ಅವನ ಕಾಲ ಪಕ್ಕದಲ್ಲೇ ಇತ್ತು, ಕೈ ಎರಡು ಸಲ ಅದರ ಪಕ್ಕದಲ್ಲಿ ಹಾದುಹೋಯಿತು. ನಾನು ಅವನ ಮುಖ ನೋಡಿದೆ. ಎರಡೂ ಕಣ್ಣಿನ ಪಾಪೆ ಹಾಲಿನ ಹಾಗೆ ಬಿಳಿ.

ನಾನು ಪಶುವೈದ್ಯ. ಕುದುರೆಗೆ ಪೊರೆ ಬಂದಿದ್ದರೆ ದೂರದಿಂದಲೇ ಹೇಳುತ್ತಿದ್ದೆ. ಮನುಷ್ಯನ ಮುಖ ನೋಡಿರಲಿಲ್ಲ.

ಶರೀಫಾಬಿ ಹೇಳಿದಳು: ಕಣ್ಣು ಮಂಜಾಗುತ್ತ ಬಂದು ಬಹಳ ಕಾಲವಾಯಿತು. ಟಾಂಗಾ ಹೊಡೆಯುವ ಕೊನೆಯ ವರ್ಷವೆಲ್ಲ ಚಾಂದಿಯೇ ದಾರಿ ನೋಡಿಕೊಂಡು ಸ್ಟೇಶನ್ನಿಗೂ ದುರ್ಗದ ಬೈಲಿನ ಪೇಟೆಗೂ ಹೋಗಿ ಬರುತ್ತಿತ್ತು. ಕೂತವರಿಗೆ ತಿಳಿಯಲಿಲ್ಲ. ಒಂದು ದಿನ ಎದುರು ಬಂದ ಮೋಟಾರಿಗೆ ಹೆದರಿ ತಾವಾಗಿಯೇ ಬಿಟ್ಟರು. ಈಗಲೂ ಮಸೀದಿಗೆ ಹೋಗಬೇಕಾದರೆ ಅದರ ಕುತ್ತಿಗೆಯ ಮೇಲೆ ಕೈ ಇಟ್ಟು ಹೋಗುತ್ತಾರೆ. ಅದು ಮಸೀದಿಯ ಹೊರಗೆ ನಿಲ್ಲುತ್ತದೆ, ನಮಾಜು ಮುಗಿದ ಮೇಲೆ ಕರೆದುಕೊಂಡು ಬರುತ್ತದೆ. ಓಣಿಯವರಿಗೆ ಇದು ಕುದುರೆಯ ಮೇಲಿನ ಪ್ರೀತಿ ಎಂದಷ್ಟೇ ಗೊತ್ತು.

ಕಣ್ಣಿಲೇ ನೋಡು ಎಂದು ನಾನು ಅಂದಿದ್ದೆ.

ಕೈಯಲ್ಲಿದ್ದ ಹತ್ತಿ ಕೆಳಗಿಟ್ಟೆ. ಆಮೇಲೆ ಅವರ ಕೈ ಹಿಡಿದು, ಸಾವಕಾಶ, ಬಾಲದ ಬುಡಕ್ಕೆ ಒಯ್ದೆ. ಬೆರಳುಗಳನ್ನು ಗಂಟಿನ ಮೇಲೆ ಇಟ್ಟೆ. ಇದು ಒಂದು. ಇಲ್ಲಿ ಇನ್ನೊಂದು. ಇದು ಒಳಗಡೆ ಹೋಗಿದೆ, ಇಲ್ಲಿ ಒತ್ತಿದರೆ ತಿಳಿಯುತ್ತದೆ. ಬೆರಳುಗಳು ಎಲ್ಲವನ್ನೂ ತಡವಿದವು. ಮತ್ತೆ ಮೊದಲಿನಿಂದ ತಡವಿದವು. ಚಾಂದಿ ಅಲುಗಾಡದೆ ನಿಂತಿತ್ತು.

"ಇಷ್ಟು ಅದ ಅಂತ ಗೊತ್ತಿರಲಿಲ್ರಿ," ಎಂದರು ಮಕಬೂಲಸಾಬ. "ಒಂದ ಗಂಟು ಅಂತ ತಿಳಿದಿದ್ದೆ. ಆಕಿಗೆ ಬ್ಯಾನಿ ಆಗ್ತದೇನ್ರಿ?"

ಲದ್ದಿ ಹಾಕುವಾಗ ಆಗುತ್ತದೆ, ಉಳಿದ ಹೊತ್ತು ಈಗ ಅಷ್ಟಿಲ್ಲ, ಮುಂದೆ ಹೆಚ್ಚಾಗುತ್ತದೆ ಎಂದೆ. ವಾಸಿಯಾಗುವುದಿಲ್ಲ ಎಂದೂ ಹೇಳಿದೆ. ಅವರು ತಲೆಯಾಡಿಸಿದರು. ಗುಂಡಿನ ಮಾತು ಆಡಲಿಲ್ಲ. ಅವರೂ ಕೇಳಲಿಲ್ಲ.

ನಾಲಬಂದನನ್ನು ಹಿಡಿದು ಅವನದೇ ಕಬ್ಬಿಣದಿಂದ ಬರೆ ಹಾಕಬೇಕು ಅನ್ನಿಸುತ್ತಿದೆ.

ನವೆಂಬರ್ ೨೯, ಭಾನುವಾರ

ಗೋಧಿ ತೌಡು, ಬೇಯಿಸಿದ ಅಗಸಿ, ಸ್ವಲ್ಪ ಎಣ್ಣೆ: ಮೆತ್ತಗಿನ ಆಹಾರ ಕೊಟ್ಟರೆ ಲದ್ದಿ ಸಲೀಸಾಗುತ್ತದೆ. ಹೇಗೆ ಕಲಸಬೇಕು ಎಂದು ಶರೀಫಾಬಿಗೆ ತೋರಿಸಿದೆ. ಬೆಳಗಿನಿಂದ ನೀರೂ ಕುಡಿಯದ ಹೆಂಗಸು ಕುದುರೆಯ ಗಂಜಿ ಕದಡುತ್ತ ಕೂತಳು.

ಗಾಯ ಒಣಗುತ್ತಿದೆ. ಶಾಂತಯ್ಯ ನನ್ನನ್ನು, ದಿನಾ ಆ ಓಣಿಗೆ ಯಾಕೆ ಹೋಗುತ್ತೀರಿ, ಉಳಿಯುವ ಜೀವವಲ್ಲವಲ್ಲ ಎಂದು ಕೇಳಿದ. ಅವನ ಮೇಲೆ ರೇಗಿದೆ. ಉಳಿಯದ ಜೀವಕ್ಕೆ ನೋವಾಗುವುದಿಲ್ಲವೇ?

ಡಿಸೆಂಬರ್ ೨

ಇವತ್ತು ಮಕಬೂಲಸಾಬರು ತಾವಾಗಿಯೇ ಕೇಳಿದರು: ಹೊತ್ತು ಬಂತು ಎಂದು ನಮಗೆ ಹೇಗೆ ತಿಳಿಯಬೇಕು?

ಇದನ್ನು ಯಾರೂ ನನಗೆ ಕಲಿಸಿಲ್ಲ. ಕಾಲೇಜಿನಲ್ಲಿ ಗುಂಡು ಹಣೆಯ ಮೇಲೆ ಎಲ್ಲಿ ಹಾಕಬೇಕು ಎಂದು ಚಿತ್ರ ಬರೆದು ತೋರಿಸಿದ್ದರು, ಇದನ್ನಲ್ಲ. ಯೋಚಿಸಿ ಹೇಳಿದೆ. ಹುರಳಿ ಮುಂದಿಟ್ಟರೂ ಮೂಸದಿದ್ದರೆ. ಮಲಗಿದ್ದು ಏಳಲು ಆಗದಿದ್ದರೆ. ನೀವು ಕರೆದರೂ ಕಿವಿ ತಿರುಗಿಸದಿದ್ದರೆ. ಅವರು ಕೊನೆಯದನ್ನು ಮತ್ತೊಮ್ಮೆ ಹೇಳಿಸಿದರು.

ಡಿಸೆಂಬರ್ ೮, ಮಂಗಳವಾರ

ಧಾರವಾಡದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದಿದ್ದರು. ಸೂಟು, ಹ್ಯಾಟು, ಕೈಯಲ್ಲಿ ಬೆತ್ತ. ಅದೇ ಹೊತ್ತಿಗೆ ಮಕಬೂಲಸಾಬರು ಚಾಂದಿಯ ಜೊತೆ ಎಣ್ಣೆಗೆಂದು ಬಂದರು. ಇಷ್ಟು ದೂರ ನಡೆದದ್ದೇ ಅದಕ್ಕೆ ಹೆಚ್ಚಾಗಿ, ಅಂಗಳದಲ್ಲಿ ಕಾಲು ಅಗಲಿಸಿ ನಿಂತಿತ್ತು. ಸಾಹೇಬರು ಬೆತ್ತದ ತುದಿಯಿಂದ ಬಾಲ ಎತ್ತಿ ನೋಡಿದರು. ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಇವತ್ತೇ ಹೊಡೆದುಹಾಕಿರಿ, ಸರಕಾರದ ಎಣ್ಣೆ ಪುಕ್ಕಟೆ ಬಂದಿಲ್ಲ ಎಂದು ಎಲ್ಲರ ಮುಂದೆ ಹೇಳಿದರು.

ಮುದುಕರ ಕೈ ಚಾಂದಿಯ ಕುತ್ತಿಗೆಯ ಮೇಲೆ ಬಿಗಿಯಾಯಿತು.

ಇದೆಂಥ ಮನುಷ್ಯ! ಯಾರ ಕುದುರೆ, ಏನು ಕಥೆ, ಒಂದು ಮಾತು ಕೇಳಬೇಡವೇ? ನಿಂತ ನಿಲುವಿನಲ್ಲಿ ಇಷ್ಟು ವರ್ಷ ಜೊತೆಗಿದ್ದ ಜೀವದ ಸಾವನ್ನು ಹೀಗೆ ಮುಖದ ಮೇಲೆ ಒಗೆಯುತ್ತಾರೆಯೇ? ಇಂಥವರು ಓದಿ ಏನು ಬಂತು? ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅವರ ಜೋಡಿ ನಾ ಮಾತಾಡಾಕತ್ತೇನಿ. ಅದು ನಮ್ಮಿಬ್ಬರ ಮಾತು," ಎಂದೆ.

ನೌಕರಿಗೆ ಸಂಚಕಾರ ಬರುತ್ತದೆ ಎಂದು ಶಾಂತಯ್ಯ ಹೆದರಿದ್ದಾನೆ. ಬಿಜಾಪುರದ ಕಡೆ ಎಲ್ಲಿಗಾದರೂ ಒಗೆಯುತ್ತಾರೆ. ಒಗೆಯಲಿ.

ಮೃಣಾಲಿನಿ ಪೂರ್ತಿ ಕೇಳಿ ನಗುತ್ತಿದ್ದಳು. ಯಾಕೆ ನಗುತ್ತೀ ಎಂದರೆ ಏನಿಲ್ಲ ಎಂದಳು. ಇದರಲ್ಲಿ ನಗುವಂಥದ್ದು ಏನಿದೆಯೋ.

ಡಿಸೆಂಬರ್ ೧೩, ಭಾನುವಾರ

ಬೆಳಗ್ಗೆ ಶರೀಫಾಬಿಯೇ ಮನೆಯ ಬಾಗಿಲಿಗೆ ಬಂದಳು. ಚಾಂದಿ ನಿನ್ನೆಯಿಂದ ಮಲಗಿದೆ, ಎದ್ದಿಲ್ಲ, ಹುರಳಿ ಮುಟ್ಟಿಲ್ಲ.

ಹೋಗಿ ನೋಡಿದೆ. ಲದ್ದಿ ಕಟ್ಟಿದೆ. ಹೊಟ್ಟೆ ಬಿಗಿದಿದೆ, ಹಲ್ಲು ಕಡಿಯುತ್ತಿದೆ, ಕುತ್ತಿಗೆಯಲ್ಲಿ ಬೆವರು. ಕೈ ಹಾಕಿ ಇದ್ದಷ್ಟು ಲದ್ದಿ ತೆಗೆದೆ, ನೋವಿಗೆ ಔಷಧ ಕುಡಿಸಿದೆ. ಹೊತ್ತು ಬಂದಿದೆ ಎಂದು ನನಗೆ ಗೊತ್ತಿತ್ತು. ಮಕಬೂಲಸಾಬರಿಗೂ ಗೊತ್ತಿತ್ತು, ಚಾಂದಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. "ಹಬ್ಬ ಒಂದು ಆಗ್ಲಿ ಸಾಹೇಬ್ರ. ಎರಡು ಮೂರು ದಿನದ ಮಾತು. ಹಬ್ಬಕ್ಕ ಆಕಿ ಮನ್ಯಾಗ ಇರ್ಲಿ," ಎಂದರು.

ಆಗಲಿ, ನೋಡೋಣ ಎಂದೆ.

ಮನೆಗೆ ಬಂದಾಗಿನಿಂದ ಆ 'ನೋಡೋಣ' ಕಿವಿಯಲ್ಲಿ ಕೂತಿದೆ.

ಡಿಸೆಂಬರ್ ೧೪, ಸೋಮವಾರ

ಮುಗಿಯಿತು. ನಡೆದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಹೋದೆ. ಓಣಿಯ ತುದಿಯಲ್ಲೇ ಅದರ ನರಳಾಟ ಕೇಳಿಸಿತು. ಔಷಧದ ಅಮಲು ಇಳಿದು ರಾತ್ರಿಯೆಲ್ಲ ಹೀಗೇ ಇತ್ತಂತೆ. ಒದ್ದಾಡಿ ಒದ್ದಾಡಿ ಒಂದು ಪಕ್ಕದ ಕಣ್ಣಿನ ಮೇಲಿನ ಚರ್ಮ ಸುಲಿದಿತ್ತು. ನನಗೆ ಬಂದ ಸಿಟ್ಟಿಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಈ ಸಲ ನಾಲಬಂದ ಇರಲಿಲ್ಲ, ಸಾಹೇಬರು ಇರಲಿಲ್ಲ. ನೋಡೋಣ ಎಂದವನು ನಾನು. ಒಳ್ಳೆಯವನೆನ್ನಿಸಿಕೊಳ್ಳಲು ಆಡಿದ ಮಾತಿಗೆ ಅದು ಒಂದು ರಾತ್ರಿ ತೆತ್ತಿತ್ತು.

ಮಕಬೂಲಸಾಬರ ಎದುರು ನೆಲದ ಮೇಲೆ ಕೂತೆ.

"ಮಕಬೂಲಸಾಬ್ರ, ನಿನ್ನೆ ನಾ ಹೇಳಿದ್ದು ತಪ್ಪು. ನಿಮ್ಮ ಮನಸ್ಸು ನೋಯಬಾರದು ಅಂತ ಹೂಂ ಅಂದೆ. ಹಬ್ಬದ ತನಕ ಕಾಯೋ ಶಕ್ತಿ ಚಾಂದಿಗೆ ಇಲ್ಲ. ಇನ್ನ ಆಕಿಗೆ ಇರೋದು ಬ್ಯಾನಿ ಒಂದ. ಇವತ್ತ ಮಾಡಬೇಕ್ರಿ."

ಅವರು ಬಗ್ಗಿ ಕಿವಿಯ ಹತ್ತಿರ ಚಾಂದಿ ಎಂದು ಕರೆದರು. ಎರಡನೆಯ ಸಲ ಕರೆದರು. ಬೆರಳಿನಿಂದ ಕಿವಿ ಮುಟ್ಟಿ ನೋಡಿದರು, ತಿರುಗಿತೇ ಎಂದು. ತಿರುಗಿರಲಿಲ್ಲ.

"ಹೆಂಗ ಮಾಡ್ತೀರಿ, ಪೂರಾ ಹೇಳ್ರಿ," ಎಂದರು. "ನನಗ ಕಾಣಂಗಿಲ್ಲ. ನೀವು ಹೇಳಿದ್ದಷ್ಟ ನನಗ ಗೊತ್ತಾಗೂದು."

ಪೂರಾ ಹೇಳಿದೆ. ಮೊದಲು ಕುತ್ತಿಗೆಯ ನರದಲ್ಲಿ ಔಷಧ ಕೊಟ್ಟು ಮಂಪರು ಬರಿಸುತ್ತೇನೆ. ಉಸಿರು ನಿಧಾನವಾಗುತ್ತದೆ, ಆಗ ಅದಕ್ಕೆ ಏನೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ತಲೆ ನಿಮ್ಮ ತೊಡೆಯ ಮೇಲೇ ಇರಲಿ. ಆಮೇಲೆ ನೀವು ಎದ್ದು ಬಾಗಿಲಿಗೆ ಹೋಗಬೇಕು. ಪೊಲೀಸ್ ಫೌಜದಾರರ ರಿವಾಲ್ವರ್ ತರಿಸಿರುತ್ತೇನೆ, ಒಂದೇ ಸಲ ಸಪ್ಪಳವಾಗುತ್ತದೆ. ಕಾಲು ಒದ್ದುಕೊಳ್ಳಬಹುದು, ಅದು ನೋವಲ್ಲ. ಕಣ್ಣು ಮುಚ್ಚುವುದಿಲ್ಲ. ಕೊನೆಗೆ ಒಯ್ಯಲು ಮುನ್ಸಿಪಾಲಿಟಿಯ ಗಾಡಿ ಬರುತ್ತದೆ ಎಂಬುದನ್ನೂ ಹೇಳಿದೆ. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಶರೀಫಾಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವರು ಕೂತಲ್ಲೇ ಕೇಳಿದರು.

ಹೇಳಿದ ಹಾಗೇ ಆಯಿತು. ಮಂಪರು ಬರುವವರೆಗೆ ಅವರು ಚಾಂದಿಗೆ ಸ್ಟೇಶನ್ನಿನಿಂದ ಮನೆಗೆ ಬರುವ ದಾರಿ ಹೇಳುತ್ತಿದ್ದರು. ಇಲ್ಲಿ ಎಡಕ್ಕೆ, ಇಲ್ಲಿ ಸಾವಕಾಶ, ಇಲ್ಲಿ ಕಲ್ಲಿದೆ, ಇನ್ನೇನು ಬಂತು ಎಂದು. ಮುಗಿದ ಮೇಲೆ ನನ್ನ ಕೈ ಸ್ಥಿರವಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮಾಳಿಗೆಗಳ ಮೇಲೆ ಏರಿ ನೋಡುತ್ತಿದ್ದ ಜನರನ್ನು ಬೈದು ಇಳಿಸಿದೆ. ತಮಾಷೆಗೆ ಬಂದಿದ್ದರಂತೆ.

ಡಿಸೆಂಬರ್ ೧೬

ಇವತ್ತು ಹಬ್ಬ. ಆ ಕಡೆ ಹೋಗಲಿಲ್ಲ.

ಡಿಸೆಂಬರ್ ೨೭, ಭಾನುವಾರ

ಹೋಗಲೋ ಬೇಡವೋ ಎಂದು ಇಷ್ಟು ದಿನ ತಳ್ಳಿದ್ದೆ. ಇವತ್ತು ಹೋದೆ. ಶರೀಫಾಬಿ ಚಹಾ ಕೊಟ್ಟಳು. ಚಾಂದಿ ಕಟ್ಟುತ್ತಿದ್ದ ಜಾಗ ಗುಡಿಸಿ ಸಾರಿಸಿದೆ. ಮಕಬೂಲಸಾಬರು ಮಸೀದಿಗೆ ಹೆಂಡತಿಯ ಭುಜ ಹಿಡಿದು ಬಾಗಿಲವರೆಗೆ ಹೋಗುತ್ತಾರಂತೆ. ಅವರಿಗೆ ಕಣ್ಣು ಕಾಣುವುದಿಲ್ಲವೆಂದು ಈಗ ಓಣಿಗೆಲ್ಲ ಗೊತ್ತಾಗಿದೆ.

ಮಿರಜಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ, ಬೇಕಾದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕೇಳಿದರೋ ಇಲ್ಲವೋ. ಬಟ್ಟಲು ಕೆಳಗಿಟ್ಟರು.

"ನಿಮಗೊಂದು ಮಾತು ಹೇಳಬೇಕು ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಮೊದಲನೇ ದಿನಾನ ನೀವು ನನ್ನ ಕೈ ಹಿಡಿದು ಆ ಗಂಟಿನ ಮ್ಯಾಲ ಇಟ್ಟಿದ್ರ, ನಾ ಆಕಿಗೆ ಬರಿ ಹಾಕಸ್ತಿದ್ದಿಲ್ಲ. ಸುಡೂ ಮುಂದ ನಾನ ಆಕಿ ತಲಿ ಹಿಡಿದಿದ್ದೆ. ಅದ ನನಗ ನಿದ್ದಿ ಕೊಡವಲ್ದು."

"ಖರೇ ಅದ," ಎಂದೆ.

ಅವರು ಸಮಾಧಾನ ಹೇಳಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಮನೆಗೆ ಬಂದು ಬಾಗಿಲು ಜೋರಾಗಿ ಹಾಕಿದೆನಂತೆ, ಮೃಣಾಲಿನಿ ಏನಾಯಿತು ಎಂದು ಓಡಿಬಂದಳು. ಅವಳಿಗೆ ಎಲ್ಲ ಹೇಳಿದೆ. ಈ ಸಲ ಅವಳು ವ್ಯಾಕರಣ ಹುಡುಕಲಿಲ್ಲ, ಊಟಕ್ಕೆ ಎಲೆ ಹಾಕಿದಳು.

ಜನವರಿ ೧೯, ೧೯೩೭, ಮಂಗಳವಾರ

ವರ್ಗದ ಆದೇಶ ಇನ್ನೂ ಬಂದಿಲ್ಲ. ಬೆಳಗ್ಗೆ ದವಾಖಾನೆಗೆ ಹುಸೇನಬಾಷಾ ಎಂಬ ಟಾಂಗಾದವನು ಕುದುರೆ ತಂದ. ಜೊತೆಗೆ ಅವನ ಹೆಗಲು ಹಿಡಿದು ಮಕಬೂಲಸಾಬರು. ಕುದುರೆ ಮುಂಗಾಲು ಊರಲಾರದೆ ಹಿಂದಕ್ಕೆ ವಾಲಿ ನಿಂತಿತ್ತು. ಕಾಲು ಎತ್ತಿ ನೋಡಿದೆ. ಗೊರಸಿನ ಒಳಗಿನ ಎಲುಬು ಇಳಿದು ಅಡಿಯನ್ನು ತೂರಿ ಹೊರಗೆ ಕಾಣುತ್ತಿದೆ. ಎರಡೂ ಕಾಲಿನಲ್ಲಿ. ಇದಕ್ಕೆ ಏನೂ ಇಲ್ಲ.

ಹುಸೇನಬಾಷಾನ ಮುಖ ನೋಡಿದೆ. ಹರೆಯದವನು, ಈಗಲೇ ಕಣ್ಣಲ್ಲಿ ನೀರು ತಂದುಕೊಂಡಿದ್ದಾನೆ. ಯಾಕೆ ಇಷ್ಟು ತಡ ಮಾಡಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಮಕಬೂಲಸಾಬರು ಹೇಳಿದರು:

"ಸಾವಕಾಶ ಹೇಳ್ರಿ ಸಾಹೇಬ್ರ. ಆದ್ರ ಪೂರಾ ಹೇಳ್ರಿ. ನಾ ಅವನ ಬಾಜೂಕ ನಿಂತಿರ್ತೇನಿ."

ನನ್ನ ಕೆಲಸ ನನಗೆ ಕಲಿಸಲು ಬಂದಿದ್ದಾರೆ ಎಂದು ಸಿಟ್ಟು ಬಂತು. ಬಂದ ಸಿಟ್ಟನ್ನು ನುಂಗಿದೆ. ಮೂವರೂ ಅಂಗಳದ ಬೇವಿನ ಬುಡದಲ್ಲಿ ಕೂತೆವು. ಕಾಲು ತೋರಿಸಿ ಹೇಳಿದೆ, ಎಲುಬು ಎಲ್ಲಿರಬೇಕಿತ್ತು, ಎಲ್ಲಿ ಇಳಿದಿದೆ ಎಂದು. ಅವನು ಅತ್ತಾಗ ನಿಲ್ಲಿಸಿದೆ. ಕೇಳಿದ್ದನ್ನೇ ಮತ್ತೆ ಕೇಳಿದಾಗ ಮತ್ತೆ ಹೇಳಿದೆ. ಉಳಿಯುವುದಿಲ್ಲ ಎಂಬ ಮಾತನ್ನು ಮಾತ್ರ ಸುತ್ತಿಬಳಸಲಿಲ್ಲ. ಹೊರಗೆ ಎಮ್ಮೆ ಹಿಡಿದು ನಿಂತವರು ಗೊಣಗುತ್ತಿದ್ದರು. ಶಾಂತಯ್ಯ ಎರಡು ಸಲ ಬಂದು ಕೆಮ್ಮಿ ಹೋದ. ಕಾಯಲಿ ಎಲ್ಲರೂ. ಅರ್ಧ ದಿನ ಅಲ್ಲೇ ಹೋಯಿತು.

ನೋವು ಕಡಿಮೆಯಾಗಲು ಔಷಧ ಕೊಟ್ಟು, ಕಾಲಿಗೆ ಮೆತ್ತನೆಯ ಪಟ್ಟಿ ಕಟ್ಟಿ ಕಳಿಸಿದೆ. ಇವತ್ತು ಒಂದು ದಿನ ಇದು ತಡೆಯುತ್ತದೆ, ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂದೂ ಹೇಳಿದೆ. ಅವ್ವನಿಗೆ ಹೇಳಿ, ನಾಳೆ ಬೆಳಗ್ಗೆ ಬರುತ್ತೇನೆ ಎಂದ ಹುಸೇನಬಾಷಾ. ರಿವಾಲ್ವರಿಗಾಗಿ ಫೌಜದಾರರಿಗೆ ಹೇಳಿ ಕಳಿಸಿದ್ದೇನೆ.

ಅವನು ಬರುತ್ತಾನೆ.